ಸರ್ರಿಯಲಿಸಂಗೆ ನೂರು ತುಂಬಿದ್ದು ಯಾವತ್ತು?

ಪ್ರಶ್ನೆ: ಕನಸು, ಸುಪ್ತಮನಸ್ಸನ್ನು ನೆಚ್ಚಿದ ಕಲೆ-ಸಾಹಿತ್ಯದ ಚಳವಳಿ ಸರ್ರಿಯಲಿಸಂಗೆ ನೂರು ವರ್ಷ ಅಂತ 2024ರಲ್ಲಿ ಆಚರಿಸಿದರು. ಆದರೆ ಆ ಪದ 1917ರಲ್ಲೇ ಇತ್ತಂತೆ. ಲೆಕ್ಕ ತಪ್ಪಿತಾ?

ಪದ 1917ರದ್ದೇ, ನಿಜ. ಪ್ಯಾರಿಸ್‌ನ ಒಂದು ಬ್ಯಾಲೆ ಬಗ್ಗೆ ಬರೆಯುವಾಗ ಕವಿ ಗಿಯೋಮ್ ಅಪೊಲಿನೇರ್ ಅದನ್ನು ಬಳಸಿದ. ಮರುವರ್ಷವೇ ತೀರಿಕೊಂಡ. ಹೆಸರಿಟ್ಟವನು ಹೋದ ಮೇಲೆ ಹೆಸರಿಗೆ ಜಗಳ ಶುರುವಾಯಿತು ನೋಡಿ. 1924ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಎರಡು ಸರ್ರಿಯಲಿಸಂ ಪ್ರಣಾಳಿಕೆ ಬಂದವು, ಮೊದಲು ಕವಿ ಇವಾನ್ ಗೋಲ್‌ನದು, ಎರಡು ವಾರ ಬಿಟ್ಟು 15ರಂದು ಇನ್ನೊಬ್ಬ ಕವಿ ಆಂದ್ರೆ ಬ್ರೆತೋಂನದು. ಪದ ನಂದು, ನಂದು ಅಂತ ಇಬ್ಬರೂ ಒಮ್ಮೆ ಕೈಕೈ ಮಿಲಾಯಿಸಿದ್ದೂ ಉಂಟು! ಗೋಲ್‌ನ ಪತ್ರಿಕೆ ಒಂದೇ ಸಂಚಿಕೆಗೆ ನಿಂತಿತು. ಬ್ರೆತೋಂ ಹಿಂದೆ ಗೆಳೆಯರ ದಂಡೇ ಇತ್ತು, ಡಿಸೆಂಬರ್‌ನಿಂದ ಪತ್ರಿಕೆಯೂ ಹೊರಟಿತು. ಹಾಗಾಗಿ ಹುಟ್ಟುಹಬ್ಬ ಅವನ ತಾರೀಖಿಗೆ ಹೋಯಿತು. 2024ರಲ್ಲಿ ಪ್ಯಾರಿಸ್‌ನ ಪಾಂಪಿದೂ ಸೆಂಟರ್ ಎಂಬ ಕಲಾಕೇಂದ್ರ ತನ್ನ ಪ್ರದರ್ಶನದ ನಟ್ಟನಡುವೆ ಇಟ್ಟಿದ್ದೂ ಅವನ ಕೈಬರಹದ ಪ್ರತಿಯನ್ನೇ.

ತಮಾಷೆ ಅಂದರೆ, ಆ ಪ್ರಣಾಳಿಕೆ ಇರುವುದೆಲ್ಲ ಬರವಣಿಗೆಯ ಬಗ್ಗೆ. ಚಿತ್ರಕಾರರ ಹೆಸರು ಬರುವುದು ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ! ಸರ್ರಿಯಲಿಸ್ಟ್ ಚಿತ್ರಗಳ ಮೊದಲ ಪ್ರದರ್ಶನ ಆಗಿದ್ದು 1925ರ ನವೆಂಬರ್‌ನಲ್ಲಿ. ನಮಗೆಲ್ಲ ಥಟ್ಟನೆ ನೆನಪಾಗುವ ಚಿತ್ರಕಾರ ಸಾಲ್ವಡಾರ್ ಡಾಲಿ ಗುಂಪಿಗೆ ಸೇರಿದ್ದೇ 1929ರಲ್ಲಿ, ಅವನ ಕರಗುವ ಗಡಿಯಾರಗಳ ಚಿತ್ರ 1931ರದು.

ಸಿನಿಮಾದ ಲೆಕ್ಕವೂ ಹೀಗೇ ಗೋಜಲು. ಡಾಲಿ ಮತ್ತು ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಸೇರಿ ಮಾಡಿದ 'ಅನ್ ಶಿಯೆನ್ ಆಂದಲು' 1929ರ ಜೂನ್ 6ರಂದು ಪ್ಯಾರಿಸ್‌ನ ಸ್ಟುಡಿಯೋ ದೇಸ್ ಉರ್ಸುಲಿನ್‌ನಲ್ಲಿ ತೆರೆಕಂಡಿತು. ಆದರೆ ಅದೇ ಥಿಯೇಟರಿನಲ್ಲಿ 1928ರ ಫೆಬ್ರವರಿಯಲ್ಲೇ ಜೆರ್ಮೇನ್ ದ್ಯುಲಾಕ್ ಎಂಬಾಕೆಯ ಚಿತ್ರ ಬಂದಿತ್ತು, 'ದಿ ಸೀಶೆಲ್ ಅಂಡ್ ದ ಕ್ಲರ್ಜಿಮನ್' ಅಂತ. ಸರ್ರಿಯಲಿಸ್ಟರೇ ಕೂಗಾಡಿ ಅದನ್ನು ಅವಮಾನಿಸಿದರು, ಅದಕ್ಕೇ ಇರಬೇಕು ಮೊದಲನೆಯದು ಅನ್ನಿಸಿಕೊಳ್ಳುವ ಅದೃಷ್ಟ ಅದಕ್ಕೆ ಜಾಸ್ತಿ ಸಿಗಲಿಲ್ಲ. ನಮ್ಮಲ್ಲೂ ಮೊದಲು ತಯಾರಾಗಿದ್ದು 'ಭಕ್ತ ಧ್ರುವ', ಆದರೆ 1934ರ ಮಾರ್ಚ್ 3ಕ್ಕೆ ಬಿಡುಗಡೆಯಾಗಿ ಮೊದಲ ಕನ್ನಡ ವಾಕ್ಚಿತ್ರ ಅನ್ನಿಸಿಕೊಂಡಿದ್ದು 'ಸತಿ ಸುಲೋಚನ' ಅಲ್ವಾ?

ಹಾಗಾದರೆ ಸರ್ರಿಯಲಿಸ್ಟ್ ಸಿನಿಮಾದ ಶತಮಾನ 2028ಕ್ಕೋ 2029ಕ್ಕೋ? ನನ್ನನ್ನು ಕೇಳಿದರೆ ದ್ಯುಲಾಕ್‌ಗೇ ಸಲ್ಲಬೇಕು. ಆದರೆ ಹಬ್ಬ 2029ಕ್ಕೇ ಆಗುತ್ತದೆ, ಬರೆದಿಟ್ಟುಕೊಳ್ಳಿ. 'ಅನ್ ಶಿಯೆನ್ ಆಂದಲು'ವಿನಲ್ಲಿ ಬ್ಲೇಡಿನಿಂದ ಕಣ್ಣು ಸೀಳುವ ಆ ಒಂದು ದೃಶ್ಯವನ್ನು ನೋಡಿದವರು ಮರೆಯುವುದಿಲ್ಲವಲ್ಲ. ಗಾಬರಿ ಬೇಡ, ಅದು ಸತ್ತ ಕರುವಿನ ಕಣ್ಣು.