ಆಕಾಶದಿಂದ ತೆಗೆದ ಫೋಟೋದಲ್ಲಿ ಎವರೆಸ್ಟ್ ಯಾವುದು?

2012ರ ಕೊನೆಯಲ್ಲಿ ನಾಸಾ ಒಂದು ಫೋಟೋ ಹಾಕಿತು. ಬಾಹ್ಯಾಕಾಶ ನಿಲ್ದಾಣದಿಂದ ರಷ್ಯಾದ ಯೂರಿ ಮಾಲೆಂಚೆಂಕೊ ತೆಗೆದದ್ದು. ಹಿಮ ಹೊದ್ದ ಬೆಟ್ಟಗಳ ಸಾಲು, ಜೊತೆಗೆ ಇದು ಎವರೆಸ್ಟ್ ಅನ್ನುವ ವಿವರಣೆ. ಜಗತ್ತಿನ ಎಷ್ಟೋ ಸುದ್ದಿತಾಣಗಳು ಅದನ್ನು ಹಾಗೇ ಎತ್ತಿಕೊಂಡವು. ನೇಪಾಳದ ಪತ್ರಕರ್ತ ಕುಂದ ದೀಕ್ಷಿತ್ ಮಾತ್ರ ಇದು ಎವರೆಸ್ಟ್ ಅಲ್ಲ ಎಂದು ಟ್ವಿಟ್ಟರಿನಲ್ಲಿ ಬರೆದರು. ನಾಸಾ ಮತ್ತೆ ನೋಡಿ ತಪ್ಪು ಒಪ್ಪಿಕೊಂಡಿತು. ಅದು ಕಾರಕೋರಂನ ಸಾಸೇರ್ ಮುಜ್ತಾಗ್, ನಮ್ಮ ಲಡಾಖ್ ಕಡೆಯ ಬೆಟ್ಟಸಾಲು. ಎವರೆಸ್ಟಿನಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ.

ಅಷ್ಟು ದೊಡ್ಡ ಸಂಸ್ಥೆ ಹೀಗೆ ತಪ್ಪಿದ್ದು ಹೇಗೆ ಅನ್ನುವವರು ಒಮ್ಮೆ ನಮ್ಮ ಘಟ್ಟವನ್ನೇ ನೆನಪಿಸಿಕೊಳ್ಳಿ. ಬೆಳ್ತಂಗಡಿ ಕಡೆಯಿಂದ ನೋಡಿದರೆ ಗಡಾಯಿಕಲ್ಲು ಯಾವುದು ಅಂತ ಯಾರನ್ನೂ ಕೇಳಬೇಕಿಲ್ಲ. ಕುದುರೆಮುಖವೂ ಹಾಗೇ, ಒಂದು ಪಕ್ಕದಿಂದ ನೋಡಿದಾಗಲೇ ಅದು ಕುದುರೆಯ ಮುಖ. ನಾವು ಬೆಟ್ಟಗಳನ್ನು ಪಕ್ಕದಿಂದ, ಕೆಳಗೆ ನಿಂತು, ಆಕಾಶಕ್ಕೆ ಎದುರಾಗಿ ಕಾಣುವ ಅಂಚಿನಿಂದ ಗುರುತಿಸುತ್ತೇವೆ. ಮೇಲಿನಿಂದ ನೋಡಿದರೆ ಆ ಅಂಚೇ ಇರುವುದಿಲ್ಲ. 1,894 ಮೀಟರ್ ಎತ್ತರದ ಕುದುರೆಮುಖ ಹಸಿರು ಮಡಿಕೆಗಳ ನಡುವೆ ಇನ್ನೊಂದು ಮಡಿಕೆ, ಅಷ್ಟೇ.

ದೂರದಿಂದ ಬೆಟ್ಟಗಳನ್ನು ಗುರುತಿಸುವ ಕೆಲಸ ಹಳೆಯದು, ಅದರ ಒಂದು ಎಳೆ ನಮ್ಮ ಮಂಗಳೂರಿಗೂ ಬಂದಿದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ತ್ರಿಕೋನಗಳ ಸರ್ವೆ ಶುರು ಮಾಡಿದರು. ಒಂದು ಬೆಟ್ಟದ ತುದಿಯಿಂದ ಇನ್ನೊಂದರ ತುದಿಗೆ ಕೋನ ಅಳೆಯುತ್ತಾ ಪಶ್ಚಿಮಕ್ಕೆ ಬಂದು, ಘಟ್ಟ ಇಳಿದು, ಮಂಗಳೂರಿನ ಕಡಲು ಮುಟ್ಟಿದರು. ಪೂರ್ವ ಕರಾವಳಿಯಿಂದ ಇಲ್ಲಿಗೆ ಸುಮಾರು 400 ಮೈಲಿ ಎಂದು ನಕ್ಷೆಗಳು ಹೇಳುತ್ತಿದ್ದವು, ಅಳೆದು ನೋಡಿದರೆ 360 ಮಾತ್ರ! ಇದೇ ಸರ್ವೆ ಮುಂದೆ ಹಿಮಾಲಯದ ತಪ್ಪಲಿಗೆ ಹೋಯಿತು. ರಾಧಾನಾಥ ಸಿಕ್ದಾರ್ ಅವರಂಥ ಲೆಕ್ಕಿಗರ ದುಡಿಮೆಯಿಂದ ‘15ನೇ ಶಿಖರ’ದ, ಅಂದರೆ ಇಂದಿನ ಎವರೆಸ್ಟಿನ, ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಅಳತೆ ನಡೆದದ್ದು 150 ಕಿಲೋಮೀಟರಿಗೂ ಆಚೆಯ ಬಯಲಿನಿಂದ. ಅಷ್ಟು ದೂರದಿಂದ, ಬೇರೆ ಬೇರೆ ಜಾಗದಲ್ಲಿ ನಿಂತು ನೋಡಿದ ಶಿಖರ ಅದೊಂದೇ ಎಂದು ಖಚಿತ ಮಾಡಿಕೊಳ್ಳುವುದೇ ಅವರ ದೊಡ್ಡ ತಲೆನೋವಾಗಿತ್ತು. ಹೆಸರಿಗಿಂತ ಮೊದಲು ನಂಬರ್ ಕೊಟ್ಟಿದ್ದು ಅದಕ್ಕೇ. ಜಗತ್ತಿನ ಎರಡನೇ ಎತ್ತರದ ಶಿಖರ ಕೆ2ಗೆ ಸರ್ವೆಯವರ ನಂಬರೇ ಹೆಸರಾಗಿ ಉಳಿದುಬಿಟ್ಟಿತು.

ನೂರು ವರ್ಷದ ಮೇಲೆ ಅದೇ ತಲೆನೋವು ಆಕಾಶಕ್ಕೆ ಹತ್ತಿತು. 1963ರ ಮೇ ತಿಂಗಳಲ್ಲಿ ಅಮೆರಿಕದ ಗಗನಯಾತ್ರಿ ಗಾರ್ಡನ್ ಕೂಪರ್ ಒಬ್ಬರೇ ಪುಟ್ಟ ನೌಕೆಯಲ್ಲಿ ಭೂಮಿ ಸುತ್ತುತ್ತಾ ಟಿಬೆಟ್ ಮತ್ತು ಹಿಮಾಲಯದ ಚಿತ್ರ ತೆಗೆದರು. 1966ರ ಸೆಪ್ಟೆಂಬರಿನಲ್ಲಿ ಜೆಮಿನಿ 11 ನೌಕೆಯಿಂದ ತೆಗೆದ ಫೋಟೋದಲ್ಲಿ ಶ್ರೀಲಂಕಾ ಸಮೇತ ಇಡೀ ದಕ್ಷಿಣ ಭಾರತವೇ ಇದೆ. ನಮ್ಮ ಕರಾವಳಿಯ ಗೆರೆಯನ್ನು ಬೆರಳಿಟ್ಟು ತೋರಿಸಬಹುದು, ಬೆಟ್ಟಗಳಿಗೆ ಹೆಸರು ಹಚ್ಚುವುದು ಮಾತ್ರ ಆಗದ ಕೆಲಸ. 1984ರ ಏಪ್ರಿಲಿನಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 7ರಿಂದ ರಾಕೇಶ್ ಶರ್ಮಾ ಕೂಡ ಭಾರತದ ಚಿತ್ರ ತೆಗೆದರು. ಫೋಟೋಗಳ ರಾಶಿ ಬೆಳೆಯುತ್ತಾ ಹೋಯಿತು, ಯಾವುದು ಎಲ್ಲಿಯದು ಅಂತ ಕೂತು ಹುಡುಕುವ ಕೆಲಸವೂ ಬೆಳೆಯಿತು.

ಈಗಿನ ಬಾಹ್ಯಾಕಾಶ ನಿಲ್ದಾಣ ಎಲ್ಲಿದೆ ಅಂತ ಗೊತ್ತಿರುತ್ತಲ್ಲ, ಮತ್ತೇನು ಕಷ್ಟ? ಗೊತ್ತಿರುತ್ತದೆ, ನಿಜ. ಆದರೆ ಗೊತ್ತಿರುವುದು ಆ ಹೊತ್ತಿಗೆ ನಿಲ್ದಾಣದ ಕೆಳಗೆ ಯಾವ ಊರಿತ್ತು ಅನ್ನುವುದು. ಕ್ಯಾಮೆರಾ ಯಾವ ಕಡೆ ತಿರುಗಿತ್ತು ಅನ್ನುವುದಲ್ಲ. 400 ಕಿಲೋಮೀಟರ್ ಮೇಲಿನಿಂದ ದಿಗಂತ ಎರಡು ಸಾವಿರ ಕಿಲೋಮೀಟರಿಗೂ ಆಚೆ ಇರುತ್ತದೆ. ನಿಲ್ದಾಣ ಓಡುವ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್, ಕ್ಯಾಮೆರಾದ ಗಡಿಯಾರ ಒಂದು ನಿಮಿಷ ತಪ್ಪಿದರೂ ಲೆಕ್ಕ 460 ಕಿಲೋಮೀಟರ್ ಆಚೀಚೆ ಆಗುತ್ತದೆ. ಇನ್ನು ಫೋಟೋದ ಮೇಲ್ಭಾಗ ಉತ್ತರವೇ ಆಗಿರಬೇಕು ಅಂತೇನಿಲ್ಲ. 2004ರ ಜನವರಿಯಲ್ಲಿ ನಿಲ್ದಾಣದಿಂದ ತೆಗೆದ ಪ್ರಸಿದ್ಧ ಎವರೆಸ್ಟ್ ಚಿತ್ರ ಟಿಬೆಟ್ ಕಡೆಯಿಂದ ದಕ್ಷಿಣಕ್ಕೆ ನೋಡುತ್ತದೆ. ಹಾಗಾಗಿ ನಕ್ಷೆಯಲ್ಲಿ ಎವರೆಸ್ಟಿನ ಬಲಕ್ಕಿರುವ ಮಕಾಲು ಶಿಖರ ಇಲ್ಲಿ ಎಡಕ್ಕಿದೆ.

ಕಣ್ಣೂ ಮೋಸ ಮಾಡುತ್ತದೆ. ಬೆಳಕು ಮೇಲಿನಿಂದಲೇ ಬೀಳುತ್ತದೆ ಅಂತ ನಮ್ಮ ಮಿದುಳು ನಂಬಿಕೊಂಡಿದೆ. ಚಳಿಗಾಲದ ಚಿತ್ರದಲ್ಲಿ ಉತ್ತರ ಮೇಲಿದ್ದರೆ ಬಿಸಿಲು ಕೆಳಗಿನಿಂದ ಬಂದಂತಾಗಿ, ಏಣು ಕಣಿವೆಯಾಗಿ, ಕಣಿವೆ ಏಣಾಗಿ ಕಾಣಿಸುತ್ತದೆ. ಚಿತ್ರವನ್ನು ತಲೆಕೆಳಗೆ ಮಾಡಿದರೆ ತಟಕ್ಕನೆ ಸರಿಯಾಗುತ್ತದೆ, ಮೊಬೈಲಿನಲ್ಲೇ ಮಾಡಿ ನೋಡಿ.

2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನಗಳ ಯಾನದಲ್ಲಿ ರೇಡಾರ್‌ನಿಂದ ಭೂಮಿಯ ನೆಲದಲ್ಲಿ ನೂರಕ್ಕೆ ಸುಮಾರು 80 ಪಾಲಿನ ಎತ್ತರ ಅಳೆದ ಮೇಲೆ ಕೆಲಸ ಎಷ್ಟೋ ಹಗುರಾಯಿತು. 2005ರಲ್ಲಿ ಹಾರಿದ ನಮ್ಮ ಕಾರ್ಟೋಸ್ಯಾಟ್-1 ಉಪಗ್ರಹ ಎರಡು ಕ್ಯಾಮೆರಾಗಳಿಂದ ಜೋಡಿ ಚಿತ್ರ ತೆಗೆದು ದೇಶದ ಎತ್ತರದ ನಕ್ಷೆಗೆ ದಾರಿ ಮಾಡಿತು. ಈಗ ಆ ಅಂಕಿಗಳಿಂದ ಕಂಪ್ಯೂಟರಿನಲ್ಲಿ ಬೆಟ್ಟ ಎಬ್ಬಿಸಿ, ನಿಲ್ದಾಣದ ಜಾಗದಿಂದ ನೋಡಿದಂತೆ ತಿರುಗಿಸಿ, ಫೋಟೋದ ಪಕ್ಕ ಇಟ್ಟು ಹೋಲಿಸಬಹುದು. ಇಷ್ಟೆಲ್ಲ ಇದ್ದೂ 2012ರ ತಪ್ಪು ನಡೆಯಿತು ಅನ್ನುವುದನ್ನು ಮರೆಯಬಾರದು. ಅದನ್ನು ಹಿಡಿದದ್ದು ಹಿಮಾಲಯ ಬಲ್ಲವರ ಕಣ್ಣು.

ಬಲ್ಲವರು ಶಿಖರವನ್ನು ಮೊದಲು ಹುಡುಕುವುದೇ ಇಲ್ಲ, ನೆರೆಹೊರೆ ನೋಡುತ್ತಾರೆ. ಎವರೆಸ್ಟ್ ಆದರೆ ಉತ್ತರಕ್ಕೆ ಇಳಿಯುವ ರೋಂಗ್‌ಬುಕ್ ಹಿಮನದಿ, ಪೂರ್ವಕ್ಕೆ ಕಾಂಗ್‌ಶುಂಗ್, ನೇಪಾಳದ ಕಡೆ ಖುಂಬು ಇರಲೇಬೇಕು, ದಕ್ಷಿಣಕ್ಕೆ ಲ್ಹೋತ್ಸೆ ಮತ್ತು ನುಪ್ತ್ಸೆಯ ಗೋಡೆ ಕಾಣಬೇಕು. ಇವು ಸಿಗದಿದ್ದರೆ ಬೆಟ್ಟ ಎಷ್ಟೇ ಭವ್ಯವಾಗಿದ್ದರೂ ಅದು ಎವರೆಸ್ಟ್ ಅಲ್ಲ.

ನಮ್ಮಲ್ಲಿ ಹಿಮನದಿ ಇಲ್ಲ. ಆದರೆ ಗುರುತುಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ, ಹಾಗಾಗಿ ಡಿಸೆಂಬರ್, ಜನವರಿಯ ಚಿತ್ರ ಹುಡುಕಿ. ಮೊದಲು ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆ, ಅದರ ಉತ್ತರಕ್ಕೆ ಪಣಂಬೂರು ಬಂದರಿನ ಎರಡು ಕಲ್ಲಿನ ತಡೆಗೋಡೆ. ಅಲ್ಲಿಂದ ಈಶಾನ್ಯಕ್ಕೆ, ಘಟ್ಟದ ಕಡುಹಸಿರಿನ ನಡುವೆ, 2005ರ ಕೊನೆಗೆ ನಿಂತ ಕಬ್ಬಿಣದ ಗಣಿಯ ಬೋಳು ಜಾಗ ಮತ್ತು ಅದಿರು ತೊಳೆದ ಹೂಳು ನಿಲ್ಲಿಸಲು ಕಟ್ಟಿದ ಲಕ್ಯಾ ಅಣೆಕಟ್ಟು. ಇನ್ನು ದಕ್ಷಿಣಕ್ಕೆ ಸರಿದು, ಚಿತ್ರವನ್ನು ತಲೆಕೆಳಗೆ ಮಾಡಿ, ಏಣುಗಳು ಸೇರುವ ಜಾಗ ನೋಡಿ. ಕುದುರೆಮುಖದ ತುದಿ ಅಲ್ಲಿ ಸಿಗುತ್ತದೆ.