ಮೊದಲು ಗೆರೆ ದಾಟಿದ ಹುಡುಗಿ ಸೋತದ್ದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಮಕ್ಕಳ ಜೂನಿಯರ್ ಡ್ರ್ಯಾಗ್ ರೇಸ್ ನೋಡಿದೆ; ಇಬ್ಬರು ಪುಟ್ಟ ಕಾರುಗಳಲ್ಲಿ ಅಕ್ಕಪಕ್ಕ ನೇರ ಓಡುವ ಸ್ಪರ್ಧೆ. ಕಣ್ಣೆದುರೇ ಹುಡುಗಿಯೊಬ್ಬಳು ಮೊದಲು ಗೆರೆ ದಾಟಿದಳು. ಗೆದ್ದವನು ಮಾತ್ರ ಪಕ್ಕದ ಹುಡುಗ. ಇದ್ಯಾವ ಲೆಕ್ಕ?

ಉತ್ತರ: ಅವಳು ‘ಬ್ರೇಕೌಟ್’ ಆಗಿರಬೇಕು. ಅಂದರೆ, ತಾನೇ ಬರೆದುಕೊಟ್ಟ ಸಮಯಕ್ಕಿಂತ ಬೇಗ ಓಡಿದ್ದಾಳೆ.

ಓಟದ ಉದ್ದ 660 ಅಡಿ, ಸುಮಾರು 201 ಮೀಟರ್. ಕಾರು ಇಷ್ಟು ದೂರಕ್ಕೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಮೊದಲೇ ಅಂದಾಜಿಸಿ ಕಾರಿನ ಮೇಲೆ ಬರೆಯುತ್ತಾರೆ. ಅದೇ ಡಯಲ್-ಇನ್. ಹುಡುಗನದು 9.40, ಹುಡುಗಿಯದು 8.95 ಎಂದುಕೊಳ್ಳಿ. ಹುಡುಗನ ಕಾರು ನಿಧಾನ, ಆದ್ದರಿಂದ ಹೊರಡಲು ಸೂಚಿಸುವ ಹಸಿರು ದೀಪ ಅವನಿಗೆ ಆ ವ್ಯತ್ಯಾಸದಷ್ಟು, 0.45 ಸೆಕೆಂಡು, ಮೊದಲು ಬೀಳುತ್ತದೆ.

ಹುಡುಗ ಹಸಿರು ಬಿದ್ದು 0.080ಕ್ಕೆ ಹೊರಟು 9.43ರಲ್ಲಿ ಓಡಿದ: ಒಟ್ಟು 9.51. ಹುಡುಗಿ 0.050ಕ್ಕೆ ಹೊರಟು 8.93ರಲ್ಲಿ ಓಡಿದಳು: 0.45 ಸೇರಿಸಿದರೆ 9.43. ಎರಡು ಮೀಟರಿಗೂ ಹೆಚ್ಚು ಮುಂದಿದ್ದಾಳೆ, ಆದರೆ 8.95ಕ್ಕಿಂತ 0.02 ಬೇಗ; ಸೋತಳು. 8.98ರಲ್ಲಿ ಓಡಿದ್ದರೂ ಆರಾಮಾಗಿ ಗೆಲ್ಲುತ್ತಿದ್ದಳು! ಇಬ್ಬರೂ ಬ್ರೇಕೌಟ್ ಆದರೆ ಕಡಿಮೆ ಮೀರಿದವರದು ಗೆಲುವು. ಹಸಿರಿಗೆ ಮೊದಲೇ ಹೊರಟು ಕೆಂಪು ದೀಪ ಬೀಳಿಸಿಕೊಳ್ಳುವುದು ಬ್ರೇಕೌಟಿಗಿಂತ ದೊಡ್ಡ ತಪ್ಪು.

ಈ 0.02 ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಸ್ಟೇಜಿಂಗ್‌ನಿಂದ, ಅಂದರೆ ಹೊರಡುವ ಗೆರೆಯಲ್ಲಿ ಕಾರು ನಿಲ್ಲಿಸುವ ರೀತಿಯಿಂದ. ಗಡಿಯಾರ ಓಡತೊಡಗುವುದು ಹಸಿರು ಬಿದ್ದಾಗ ಅಲ್ಲ, ಮುಂದಿನ ಚಕ್ರ ಸ್ಟೇಜ್ ಕಿರಣವನ್ನು, ಅಂದರೆ ಹೊರಡುವ ಗೆರೆಯಲ್ಲಿ ಅಡ್ಡ ಹಾಯುವ ಬೆಳಕಿನ ಕಿರಣವನ್ನು, ಬಿಟ್ಟಾಗ. ಚಕ್ರ ಈ ಕಿರಣಕ್ಕೆ ಬಂತೆಂದು ತೋರಿಸುವ ಎರಡನೇ ದೀಪ ಹತ್ತಿದ ಕೂಡಲೇ ನಿಲ್ಲಿಸಿದರೆ ಕಾರು ಗಡಿಯಾರಕ್ಕೆ ಮೊದಲೇ ತುಸು ಉರುಳಿರುತ್ತದೆ: ಓಟದ ಸಮಯ ಇಳಿಯುತ್ತದೆ, ರಿಯಾಕ್ಷನ್ (ಹಸಿರು ಬಿದ್ದು ಹೊರಡುವವರೆಗಿನ ಸಮಯ) ನಿಧಾನವಾಗುತ್ತದೆ. ಇನ್ನೂ ಕೆಲವು ಇಂಚು ಒಳಗೆ ಉರುಳಿಸಿದರೆ ಇದರ ತಿರುವುಮುರುವು. ಆದ್ದರಿಂದ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿಸುವ ಅಭ್ಯಾಸ ಎಂಜಿನ್ ಟ್ಯೂನಿಂಗಿಗಿಂತ ಹೆಚ್ಚು ಲಾಭ ಕೊಡುತ್ತದೆ. ಅಪ್ಪಂದಿರಿಗೆ ಇದು ರುಚಿಸುವುದಿಲ್ಲ, ಅವರಿಗೆ ಕಾರ್ಬ್ಯುರೇಟರ್ ಬಿಚ್ಚಬೇಕು.

ಉಳಿದದ್ದು ಎಂಜಿನ್ ಮತ್ತು ಕ್ಲಚ್ ಬಿಸಿ, ಟೈರಿನ ಗಾಳಿ. ಮೂರನ್ನೂ ಪ್ರತಿ ಓಟಕ್ಕೆ ಮೊದಲು ಅಳೆದು ಬರೆದಿಡಿ.

ಗೆರೆಯ ಹತ್ತಿರ ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಬ್ರೇಕೌಟ್ ತಪ್ಪಿಸಬಹುದು. ಆದರೆ ಬ್ರೇಕ್ ಜೋರಾಗಿ ಒತ್ತಬಾರದು. ಹಗುರ ಕಾರು ಅಡ್ಡ ತಿರುಗುತ್ತದೆ. ಡಯಲ್ ಕಡಿಮೆ ಬರೆದು ಪಾರಾಗುವುದಕ್ಕೂ ಮಿತಿಯಿದೆ: ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ಮಕ್ಕಳ ಲೀಗ್‌ನಲ್ಲಿ 10–12 ವಯಸ್ಸಿನವರು 8.90ಕ್ಕಿಂತ ಬೇಗ ಓಡುವಂತಿಲ್ಲ.

ಓಟ ಮುಗಿದಾಗ ಕೊಡುವ ಚೀಟಿಯಲ್ಲಿ 60 ಅಡಿಯ ಸಮಯ ನೋಡಿ. ಅದೇ ಬದಲಾಗಿದ್ದರೆ ದೋಷ ಸ್ಟೇಜಿಂಗ್ ಇಲ್ಲವೇ ಕ್ಲಚ್‌ನಲ್ಲಿ. ಅದು ಹಾಗೇ ಇದ್ದು ಕೊನೆಯ ಸಮಯ ಬದಲಾಗಿದ್ದರೆ ಹವೆ, ಎಂಜಿನ್ ಬಿಸಿಯ ಕಡೆ ನೋಡಿ.