ಸುತ್ತ ಬರೀ ಕಾಡು, ಅಲ್ಲಿ ಊರು ಯಾಕಿದೆ?

ಪ್ರಶ್ನೆ: ಕ್ರೊಯೇಷಿಯಾದಲ್ಲಿ ಜಾಗ್ರೆಬ್‌ನಿಂದ ಸಮುದ್ರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಡೆಲ್ನಿತ್ಸೆ ಅಂತ ಒಂದು ಬೋರ್ಡು ಕಾಣುತ್ತೆ. ಸುತ್ತ ಬೆಟ್ಟ, ಕಾಡು. ಹೊಲ ಅಂತ ಹೇಳೋಕೆ ದೊಡ್ಡದೇನೂ ಇಲ್ಲ. ಅಂಥ ಕಡೆ ಊರು ಯಾಕೆ ಹುಟ್ಟಿತು? ಜನ ಏನು ಮಾಡಿಕೊಂಡು ಬದುಕುತ್ತಾರೆ?

ಉತ್ತರ: ನಿಮ್ಮ ಹಾಗೆ ಆ ದಾರಿಯಲ್ಲಿ ಹಾದುಹೋಗುವವರಿಂದಲೇ ಆ ಊರು ಬೆಳೆಯಿತು. ಕಾಡು ಮೊದಲಿನಿಂದಲೂ ಇತ್ತು, ನಾಲ್ಕು ಮನೆಗಳೂ ಇದ್ದವು. 15ನೇ ಶತಮಾನದ ಹೊತ್ತಿಗೇ ಅಲ್ಲಿ ಜನವಸತಿ ಇತ್ತು. ಆದರೆ ಹಳ್ಳಿಯಾಗಿದ್ದದ್ದು ಪಟ್ಟಣವಾಗಿದ್ದು ರಸ್ತೆ ಬಂದ ಮೇಲೆ. ಊರಿನ ಮುಖ್ಯ ಬೀದಿಯ ಹೆಸರೇ ಇದಕ್ಕೆ ಸಾಕ್ಷಿ: ಲುಯ್ಜಿನ್ಸ್ಕಾ ತ್ಸೆಸ್ತಾ. ಅಂದರೆ ಲೂಯಿಸಾಳ ರಸ್ತೆ. ಈ ಲೂಯಿಸಾ ಯಾರು ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಕಾಶೆ ನೋಡೋಣ. ಜಾಗ್ರೆಬ್ ಕಡೆ ಬಯಲು, ರಿಯೆಕಾ ಕಡೆ ಸಮುದ್ರ. ನಡುವೆ ಗೋರ್ಸ್ಕಿ ಕೋಟಾರ್ ಅನ್ನುವ ಬೆಟ್ಟದ ಸೀಮೆ. ಡೆಲ್ನಿತ್ಸೆ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ರಿಯೆಕಾ ಅಲ್ಲಿಂದ ಬರೀ 45 ಕಿಲೋಮೀಟರ್. ಕೆಳಗೆ ಜನ ಅಂಗಿ ಬಿಚ್ಚಿ ಬಿಸಿಲು ಕಾಯಿಸುತ್ತಿರುವಾಗ ಮೇಲೆ ಸ್ವೆಟರ್ ಬೇಕಾಗುತ್ತೆ.

ಹಿಂದೆ ಬಯಲಿನ ಮೆಕ್ಕೆಜೋಳ, ಗೋಧಿ ದೋಣಿಗಳಲ್ಲಿ ಸಾವಾ ನದಿ ಹಿಡಿದು ಬಂದು, ಅಲ್ಲಿಂದ ಕೂಪಾ ನದಿಗೆ ತಿರುಗಿ, ಕಾರ್ಲೊವತ್ಸ್ ಎಂಬ ಊರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ನೀರಿನ ದಾರಿ ಇಲ್ಲ. ಸಮುದ್ರ ಮುಟ್ಟಬೇಕಾದರೆ ಬೆಟ್ಟ ಹತ್ತಿ ಇಳಿಯಲೇಬೇಕು. ಧಾನ್ಯ ಕೆಳಗೆ ಹೋಗುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಮೂಟೆಗಳನ್ನು ಹೊರಬೇಕಾದದ್ದು ಕುದುರೆ, ಗಾಡಿ.

ಈ ಸೀಮೆ ಬಹಳ ಕಾಲ ಫ್ರಾಂಕೊಪನ್ ಮತ್ತು ಜ್ರಿನ್ಸ್ಕಿ ಎಂಬ ಎರಡು ದೊಡ್ಡ ಮನೆತನಗಳ ಕೈಯಲ್ಲಿತ್ತು. ಆಗ ಈ ಸೀಮೆಯನ್ನೂ ಆಳುತ್ತಿದ್ದ ವಿಯೆನ್ನಾದ ಚಕ್ರವರ್ತಿಯ ವಿರುದ್ಧ ಸಂಚು ಮಾಡಿದರು ಅಂತ 1671ರಲ್ಲಿ ಎರಡೂ ಮನೆತನದ ಹಿರಿಯರ ತಲೆ ಹೋಯಿತು, ಆಸ್ತಿ ಮುಟ್ಟುಗೋಲಾಯಿತು. ಅಲ್ಲಿಂದ ಮುಂದೆ ದಾರಿ ಎಲ್ಲಿ ಹೋಗಬೇಕು ಅನ್ನೋದು ವಿಯೆನ್ನಾದ ತೀರ್ಮಾನ.

1726ರಲ್ಲಿ ಆರನೇ ಕಾರ್ಲ್ ಚಕ್ರವರ್ತಿ ಮೊದಲ ದೊಡ್ಡ ರಸ್ತೆಗೆ ಕೈ ಹಾಕಿಸಿದ. ಅವನ ಹೆಸರಿನಲ್ಲೇ ಅದು ಕರೊಲೀನಾ ರಸ್ತೆ. ತಮಾಷೆ ಅಂದರೆ ಅದು ಡೆಲ್ನಿತ್ಸೆಗೆ ಬರಲೇ ಇಲ್ಲ. ಪಕ್ಕದ ಮರ್ಕೊಪಾಲ್, ಫುಜಿನೆ ಕಡೆಯಿಂದ ಹೋಯಿತು. ವ್ಯಾಪಾರ, ಗಾಡಿ, ಗೌಜು ಎಲ್ಲ ಅಲ್ಲೇ. ಆದರೆ ಆ ರಸ್ತೆಯ ಏರು ವಿಪರೀತ ಕಡಿದು. ತುಂಬಿದ ಗಾಡಿ ಎಳೆಯುವಾಗ ಕುದುರೆಗಳ ಉಸಿರು ಕಟ್ಟುತ್ತಿತ್ತು.

ಹಾಗಾಗಿ 1803ರಲ್ಲಿ ಎರಡನೇ ರಸ್ತೆ ಶುರುವಾಯಿತು. ಈ ಸಲ ಹಣ ಹಾಕಿದ್ದು ಷೇರುದಾರರ ಒಂದು ಕಂಪನಿ. ರಸ್ತೆ ಮಾಡಿ ಸುಂಕ ವಸೂಲಿ ಮಾಡುವುದು ಅವರ ಲೆಕ್ಕ. ಟೋಲ್ ರಸ್ತೆ ಹೊಸ ಕಾಲದ ಕಾಟ ಅಂದುಕೊಂಡಿದ್ದೀರಾ? ರಸ್ತೆಯ ಗೆರೆ ಹಾಕಿದವನು ಫಿಲಿಪ್ ವುಕಾಸೊವಿಚ್ ಎಂಬ ಸೈನ್ಯಾಧಿಕಾರಿ. ಕಡಿದಾದ ಏರು ಎಲ್ಲೂ ಬರದ ಹಾಗೆ, ಬೆಟ್ಟವನ್ನು ಸುತ್ತಿಕೊಂಡು ನಿಧಾನಕ್ಕೆ ಹತ್ತುವ ರಸ್ತೆ ಅವನದು. ಸುತ್ತು ಜಾಸ್ತಿ, ಸುಸ್ತು ಕಡಿಮೆ. ಪಾಪ, ಅದು ಮುಗಿದದ್ದನ್ನು ಅವನು ನೋಡಲಿಲ್ಲ. 1809ರಲ್ಲಿ ನೆಪೋಲಿಯನ್ ವಿರುದ್ಧದ ವಾಗ್ರಾಮ್ ಯುದ್ಧದಲ್ಲಿ ಗಾಯಗೊಂಡು ಸತ್ತ. ರಸ್ತೆಗೆ ಕೊನೆಗೆ ಸಿಕ್ಕ ಹೆಸರು ಲುಯ್ಜಿಯಾನಾ. ಆಗಿನ ಚಕ್ರವರ್ತಿ ಫ್ರಾನ್ಜ್‌ನ ಮಗಳು ಮರಿಯಾ ಲೂಯಿಸಾಳ ಹೆಸರು ಅದು. 1810ರಲ್ಲಿ ಅವಳು ಮದುವೆಯಾದದ್ದು ಯಾರನ್ನು ಗೊತ್ತಾ? ಅದೇ ನೆಪೋಲಿಯನ್‌ನನ್ನು.

ಈ ರಸ್ತೆ ಡೆಲ್ನಿತ್ಸೆಯ ನಟ್ಟನಡುವೆ ಹಾದು ಹೋಯಿತು. ಊರಿನ ಹಣೆಬರಹ ಬದಲಾದದ್ದು ಅಲ್ಲಿಂದ. ಗಾಡಿ ಹೊಡೆಯುವವರನ್ನು ಅಲ್ಲಿ 'ಕಿರಿಯಾಶ್' ಅನ್ನುತ್ತಾರೆ. ಗಾಡಿ ನಿಂತಲ್ಲಿ ಏನೇನು ಬೇಕು ಯೋಚಿಸಿ: ಕುದುರೆಗೆ ಹುಲ್ಲು, ನೀರು, ಲಾಳ. ಮುರಿದ ಚಕ್ರಕ್ಕೆ ಬಡಗಿ, ಪಟ್ಟಿಗೆ ಕಮ್ಮಾರ. ಗಾಡಿಯವನಿಗೆ ಊಟ, ಒಂದು ಲೋಟ ವೈನು, ಮಲಗಲು ಜಾಗ. ಏರು ಹತ್ತಿಸಲು ಬಾಡಿಗೆಗೆ ಇನ್ನೊಂದು ಜೊತೆ ಕುದುರೆ. ಇವೆಲ್ಲ ಒಂದೊಂದು ಮನೆಯ ಕಸುಬು. ಆಲೂಗಡ್ಡೆ ಬಿಟ್ಟು ಹೆಚ್ಚೇನೂ ಬೆಳೆಯದ ಮಣ್ಣಿನಲ್ಲಿ ರಸ್ತೆಯೇ ಫಸಲು ಕೊಟ್ಟಿತು.

ಅತ್ತ ಮರ್ಕೊಪಾಲ್ ಬದಿಗೆ ಸರಿಯಿತು. ಆದರೆ ಆ ಊರನ್ನು ಕಡೆಗಣಿಸಬೇಡಿ. ಹಿಮ ಹೆಚ್ಚು ಬೀಳುವ ಆ ಹಳ್ಳಿಯವರು ಹಿಮಜಾರಾಟವನ್ನೇ ಹಿಡಿದುಕೊಂಡರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಬಯಾಥ್ಲಾನ್, ಅಂದರೆ ಹಿಮದಲ್ಲಿ ಜಾರುತ್ತ ನಡುನಡುವೆ ಗುರಿಗೆ ಗುಂಡು ಹೊಡೆಯುವ ಆಟದಲ್ಲಿ ಕ್ರೊಯೇಷಿಯಾಕ್ಕೆ ಕಂಚು ತಂದ ಯಾಕೊವ್ ಫಾಕ್ ಬೆಳೆದದ್ದು ಅಲ್ಲೇ. ಆಮೇಲೆ ಅವರು ಸ್ಲೊವೇನಿಯಾ ಪರ ಆಡಿದರು ಅನ್ನೋದು ಬೇರೆ ಕತೆ.

ಇನ್ನೊಂದು ವಿಷಯಕ್ಕೂ ಮರ್ಕೊಪಾಲ್ ನೆನಪಿಡಬೇಕು. ನನಗೆ ಇಡೀ ಸೀಮೆಯಲ್ಲಿ ತುಂಬ ಇಷ್ಟವಾದದ್ದು ಇದೇ. ಗೋರ್ಸ್ಕಿ ಕೋಟಾರ್‌ನಲ್ಲಿ ಕ್ರೊಯಾಟರ ಹಳ್ಳಿಗಳ ಪಕ್ಕದಲ್ಲೇ ಸೆರ್ಬರ ಹಳ್ಳಿಗಳೂ ಇವೆ. 1991ರಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಶುರುವಾದಾಗ, ಬೇರೆ ಕಡೆ ಇಂಥ ಅಕ್ಕಪಕ್ಕದ ಹಳ್ಳಿಗಳೇ ಒಂದಕ್ಕೊಂದು ಗುಂಡು ಹಾರಿಸಿದವು. ಇಲ್ಲಿ ಹಾಗಾಗಲಿಲ್ಲ. ಎರಡೂ ಕಡೆ ಕಾವಲು ಇತ್ತು, ಭಯ ಇತ್ತು, ಗಾಳಿಸುದ್ದಿಗಂತೂ ಬರವೇ ಇರಲಿಲ್ಲ. ಆದರೆ ಮಾತು ನಿಲ್ಲಲಿಲ್ಲ. ಮರ್ಕೊಪಾಲ್‌ನ ಫ್ರಾನ್ಯೊ ಸ್ಟಾರ್ಚೆವಿಚ್ ಎಂಬ ನಿವೃತ್ತ ಮೇಷ್ಟ್ರು ಸೆರ್ಬ್ ಹಳ್ಳಿಗಳಿಗೆ ಹೋಗಿ ಕೂತು ಮಾತಾಡುತ್ತಿದ್ದರು. ಹಿಂದಿರುಗಿ ಬಂದು ತಮ್ಮವರೊಡನೆ ಮಾತಾಡುತ್ತಿದ್ದರು. ಆಮೇಲೆ ಅದೇ ಊರಲ್ಲಿ ಒಂದು ಶಾಂತಿಶಾಲೆ ಶುರುಮಾಡಿ, ಬೇರೆ ಬೇರೆ ಪಂಗಡದ ಮಕ್ಕಳನ್ನು ಒಟ್ಟಿಗೆ ಸೇರಿಸಿದರು. ಶಾಂತಿ ಉಳಿದದ್ದು ಅವರೊಬ್ಬರಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಆಚೆ ಹಳ್ಳಿಗೆ ಹೋಗಿ ಬಾಗಿಲು ತಟ್ಟಲು ಯಾರಾದರೂ ಒಬ್ಬರಿಗೆ ಗುಂಡಿಗೆ ಇರಬೇಕಲ್ವಾ?

ಸರಿ, ಮತ್ತೆ ಡೆಲ್ನಿತ್ಸೆಗೆ ಬರೋಣ. 1873ರಲ್ಲಿ ಕಾರ್ಲೊವತ್ಸ್‌ನಿಂದ ರಿಯೆಕಾಕ್ಕೆ ರೈಲು ಬಂತು. ಕಿರಿಯಾಶ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಒಂದು ರೈಲು ಹೊರುವ ಮಾಲನ್ನು ಎಷ್ಟು ಗಾಡಿಗಳು ಹೊರಬೇಕು ಹೇಳಿ. ಆದರೆ ರೈಲು ಕೈ ಬರಿದು ಮಾಡಿ ಬಿಡಲಿಲ್ಲ. ಕಾಡಿನ ಮರಕ್ಕೆ ಈಗ ದೂರದ ಗಿರಾಕಿ ಸಿಕ್ಕಿದ. ಸಾಮಿಲ್ಲುಗಳು ಬಂದವು. ಫರ್ ಮತ್ತು ಬೀಚ್ ಮರದ ಹಲಗೆ ರಿಯೆಕಾ ಬಂದರಿಗೆ ಇಳಿಯತೊಡಗಿತು. ಗಾಡಿ ಹೊಡೆಯುತ್ತಿದ್ದ ಕೈಗಳು ಕೊಡಲಿ ಹಿಡಿದವು. ಮರ ಕಡಿಯುವುದರಲ್ಲಿ ಈ ಸೀಮೆಯವರಿಗೆ ಎಷ್ಟು ಹೆಸರೆಂದರೆ, ಕ್ರೊಯೇಷಿಯಾದ ಪೂರ್ವಕ್ಕಿರುವ ದೂರದ ಸ್ಲಾವೊನಿಯಾ ಸೀಮೆಯ, ರುಮೇನಿಯಾದ ಕಾಡುಗಳಿಗೂ ತಂಡ ಕಟ್ಟಿಕೊಂಡು ಕೂಲಿಗೆ ಹೋಗುತ್ತಿದ್ದರು. ಅಮೆರಿಕಾಕ್ಕೆ ಹಡಗು ಹತ್ತಿದವರೂ ಇದ್ದಾರೆ.

ಇಷ್ಟೆಲ್ಲ ಕಡಿದೂ ಕಾಡು ಉಳಿದಿದೆಯಲ್ಲ, ಹೇಗೆ? ಇಲ್ಲಿ ಒಂದು ಗುಡ್ಡವನ್ನು ಪೂರ್ತಿ ಬೋಳಿಸುವ ರೂಢಿ ಇಲ್ಲ. ಬಲಿತ ಮರಗಳನ್ನು ಆರಿಸಿ ಅಲ್ಲೊಂದು ಇಲ್ಲೊಂದು ಕಡಿಯುತ್ತಾರೆ. ಎಳೆಯ ಮರಗಳಿಗೆ ನೆರಳು ಉಳಿಯುತ್ತೆ. ಹಾಗಾಗಿ ಕರಡಿ, ತೋಳ, ಲಿಂಕ್ಸ್ ಮೂರೂ ಈಗಲೂ ಇವೆ. ಲಿಂಕ್ಸ್ ಅಂದರೆ ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು ಇರುವ ಕಾಡುಬೆಕ್ಕು. ಅಲ್ಲಿನ ಮಾತಿನಲ್ಲಿ 'ರಿಸ್'. ಪಕ್ಕದ ರಿಸ್ನ್ಯಾಕ್ ಬೆಟ್ಟದ ಹೆಸರು ಅದರಿಂದಲೇ. 1953ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಹೊತ್ತಿಗೆ ಬೇಟೆಯಿಂದ ಲಿಂಕ್ಸ್ ಸಂತತಿಯೇ ಅಳಿದಿತ್ತು. 1973ರಲ್ಲಿ ಸ್ಲೊವೇನಿಯಾದ ಕಾಡಿಗೆ ಹೊರಗಿನಿಂದ ತಂದು ಬಿಟ್ಟ ಪ್ರಾಣಿಗಳ ಸಂತತಿ ಗಡಿ ದಾಟಿ ಮತ್ತೆ ಇಲ್ಲಿಗೆ ಬಂತು.

ಊಟದ ವಿಷಯ ಕೇಳಿದರೆ ಕೆಲವರಿಗೆ ಮುಖ ಹಿಂಡಿದ ಹಾಗಾಗಬಹುದು. ಬೀಚ್ ಮರದ ಕಾಯಿ ಚೆನ್ನಾಗಿ ಬಿಟ್ಟ ವರ್ಷ 'ಪುಹ್' ಎಂಬ ಪುಟ್ಟ ಪ್ರಾಣಿ ಕಾಡು ತುಂಬ ಆಗುತ್ತೆ. ನೋಡಲು ಇಲಿ, ಬಾಲ ಮಾತ್ರ ಅಳಿಲಿನದು. ಚಳಿಗಾಲದ ನಿದ್ದೆಗೆ ಮುಂಚೆ ತಿಂದು ಕೊಬ್ಬಿರುತ್ತೆ. ಶರತ್ಕಾಲದ ರಾತ್ರಿ ಗಂಡಸರು ಬೋನು ಹಿಡಿದು ಕಾಡಿಗೆ ಹೋಗಿ, ಬೆಂಕಿ ಹಾಕಿಕೊಂಡು ಬೆಳಗಿನವರೆಗೆ ಕೂರುತ್ತಾರೆ. ಬೇಟೆ ನೆಪ, ಹರಟೆಯೇ ಮುಖ್ಯ ಅಂತ ನನ್ನ ಗುಮಾನಿ. ಹತ್ತಿರದ ಲೊಕ್ವೆ ಊರಿನವರದು ಕಪ್ಪೆಯ ಹುಚ್ಚು. ಅಲ್ಲಿ ವರ್ಷಕ್ಕೊಮ್ಮೆ ಕಪ್ಪೆಗಳ ಜಿಗಿತದ ಪಂದ್ಯವೇ ನಡೆಯುತ್ತೆ.

ಈಗಿನ ಕಷ್ಟ ಏನು? ಜನ ಕಡಿಮೆಯಾಗುತ್ತಿದ್ದಾರೆ. ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ 2011ರಲ್ಲಿ 6,000ದ ಹತ್ತಿರ ಇದ್ದ ಡೆಲ್ನಿತ್ಸೆಯ ಜನಸಂಖ್ಯೆ 2021ಕ್ಕೆ 5,000 ಚಿಲ್ಲರೆಗೆ ಇಳಿದಿದೆ. ಹೊಸ ಹೆದ್ದಾರಿ ಊರಿನ ಹೊರಗೇ ಹೋಗುತ್ತೆ. ಹಳೇ ರಸ್ತೆಯ ಪಕ್ಕ ಕರಡಿ ಮಾಂಸದ ಸಾರು ಬಡಿಸುತ್ತಿದ್ದ ಹೋಟೆಲುಗಳಿಗೆ ಮೊದಲಿನ ವ್ಯಾಪಾರ ಇಲ್ಲ. ರೈಲಿಗೆ ಈ ಬೆಟ್ಟದಲ್ಲಿ ಈಗಲೂ ಒಂದೇ ಹಳಿ. ಅವಸರ ಇರುವವರು ಕಾರು ಹಿಡಿಯುತ್ತಾರೆ. ದುಡಿಯುವ ವಯಸ್ಸಿನವರು ರಿಯೆಕಾಕ್ಕೋ ಜಾಗ್ರೆಬ್‌ಗೋ ಹೋಗಿಬಿಡುತ್ತಾರೆ.

ಉಳಿದವರ ಗಟ್ಟಿತನ ಗೊತ್ತಾಗಿದ್ದು 2014ರ ಚಳಿಗಾಲದಲ್ಲಿ. ಜನವರಿ ಕೊನೆಗೆ ಮಳೆ ಬಂತು, ಆದರೆ ನೆಲದ ಹತ್ತಿರ ಗಾಳಿ ಕೊರೆಯುತ್ತಿತ್ತು. ಬಿದ್ದ ಹನಿ ಬಿದ್ದಲ್ಲೇ ಮಂಜುಗಡ್ಡೆ. ಕಡ್ಡಿಯಷ್ಟು ತೆಳುವಾದ ಕೊಂಬೆ ತೋಳಿನಷ್ಟು ದಪ್ಪವಾಯಿತು. ಭಾರ ತಾಳದೆ ಮರಗಳು ಮುರಿದು ಬಿದ್ದವು, ಕರೆಂಟು ಕಂಬಗಳು ಬಾಗಿದವು. ಸಾವಿರಾರು ಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ, ರೈಲೂ ನಿಂತಿತು. ಕಟ್ಟಿಗೆ ಒಲೆ ಇದ್ದ ಮನೆಯವರು ಬಚಾವಾದರು. ಊರೂರಿನ ಸ್ವಯಂಸೇವಕ ಅಗ್ನಿಶಾಮಕ ದಳಗಳೇ ಗರಗಸ ಹಿಡಿದು ದಾರಿ ಬಿಡಿಸಿದವು. ಅಲ್ಲಿ ಈ ದಳ ಅಂದರೆ ಬೆಂಕಿ ಆರಿಸುವವರು ಮಾತ್ರ ಅಲ್ಲ. ಊರಿಗೆ ಏನೇ ಆದರೂ ಮೊದಲು ಓಡಿ ಬರುವವರು ಅವರೇ.

ಕೊನೆಗೆ ಒಂದು ಮಾತು. ಕ್ರೊಯೇಷಿಯಾದವರನ್ನು ಡೆಲ್ನಿತ್ಸೆ ಅಂದರೆ ಏನು ನೆನಪಾಗುತ್ತೆ ಅಂತ ಕೇಳಿ ನೋಡಿ. ಚಳಿಗಾಲದ ರೇಡಿಯೋದ ಸಂಚಾರ ಸುದ್ದಿ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಮುದ್ರದ ಕಡೆ 'ಬುರಾ' ಎಂಬ ಗಾಳಿ ಎದ್ದರೆ ಲಾರಿಗಳನ್ನೇ ಉರುಳಿಸಬಲ್ಲದು. ಆಗ ಡೆಲ್ನಿತ್ಸೆಯಿಂದ ಕೆಳಗೆ ದೊಡ್ಡ ವಾಹನಗಳನ್ನು ಬಿಡುವುದಿಲ್ಲ. ಲಾರಿಯವರು ಗಾಳಿ ಇಳಿಯುವ ತನಕ ಅಲ್ಲೇ ಕಾಯಬೇಕು. ನೀವು ಮುಂದಿನ ಸಲ ಹೋದಾಗ ಅಂಥ ದಿನ ಸಿಕ್ಕಿದರೆ ಸುಮ್ನೆ ಬಸ್ಸಿನಲ್ಲಿ ಕೂರಬೇಡಿ. ಇಳಿದು ಲೂಯಿಸಾಳ ಬೀದಿಯಲ್ಲಿ ಒಂದು ಕಾಫಿ ಕುಡಿದು ಬನ್ನಿ.